ಕೀ ತೆಗೆದ ಮೇಲೆ ಕ್ಯಾಬಿನ್ ಕ್ಯಾಮೆರಾ ಆರಬೇಕು

ಮಾನ್ಯ ಸಂಪಾದಕರೇ,

ಲಾರಿ ಕ್ಯಾಬಿನ್ನಿನೊಳಗೆ ಡ್ರೈವರ್ ಮುಖಕ್ಕೆ ನೇರವಾಗಿ ಕ್ಯಾಮೆರಾ ಹಾಕಿಸುವುದು ನಮ್ಮ ಮೈಸೂರು, ಮಂಡ್ಯ ಕಡೆಗೂ ಬಂದಿದೆ. ಹಾಕಿಸಲಿ. 80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ರೆಪ್ಪೆ ಮುಚ್ಚಿದರೆ 44 ಮೀಟರ್ ಕಣ್ಣಿಲ್ಲದೆ ಓಡಿದ ಹಾಗೆ. ಆ ಗಳಿಗೆಯಲ್ಲಿ ಮುಚ್ಚಿದ ಕಣ್ಣನ್ನು ಕಂಡು, ಕೂಗಿ ಎಬ್ಬಿಸುವ ಈ ಕ್ಯಾಮೆರಾ ಪೆಟ್ಟಿಗೆ ಜೀವ ಉಳಿಸುತ್ತದೆ. ಆದರೆ ಲಾರಿ ನಿಂತು, ಕೀ ತೆಗೆದ ಮೇಲೂ ಅದು ನೋಡುತ್ತಲೇ ಇರುವುದನ್ನು ಒಪ್ಪಲಾಗದು.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕೇರಳ, ಊಟಿ ಕಡೆಗೆ ಲೋಡು ಹೊತ್ತ ಲಾರಿಗಳು ಗೇಟು ಬಿಡುವವರೆಗೆ ಗುಂಡ್ಲುಪೇಟೆಯ ಆಸುಪಾಸಿನಲ್ಲಿ ಕಾಯುತ್ತವೆ. ಆ ಹೊತ್ತಿನಲ್ಲಿ ಕ್ಯಾಬಿನ್ನೇ ಮನೆ. ಲುಂಗಿ ಸುತ್ತುವುದು, ಹೆಂಡತಿಗೆ ಫೋನ್ ಮಾಡುವುದು, ಸೀಟಿನ ಹಿಂದೆ ಮೈಚೆಲ್ಲುವುದು ಎಲ್ಲ ಅಲ್ಲೇ. ಈ ಕ್ಯಾಮೆರಾಗಳು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಕಗ್ಗತ್ತಲಲ್ಲೂ ನೋಡುತ್ತವೆ, ಕೆಲವಕ್ಕೆ ಮೈಕೂ ಇದೆ. ದುಡಿಮೆ ಮುಗಿಸಿ ಮಲಗಿದವನನ್ನು ನೋಡುವ ಹಕ್ಕು ಯಾವ ಓನರ್‌ಗೂ ಇಲ್ಲ.

ಕೀ ತೆಗೆದರೂ ಕ್ಯಾಮೆರಾ ಆರದಿರಲು ಕಾರಣ ಎಷ್ಟೋ ಸಲ ಬರೀ ವೈರಿಂಗ್. ಸಾಮಾನ್ಯವಾಗಿ ಪೆಟ್ಟಿಗೆಗೆ ಮೂರು ವೈರ್: ಕೆಂಪು ನೇರ ಬ್ಯಾಟರಿಗೆ, ಕಪ್ಪು ಬಾಡಿ ಅರ್ಥ್‌ಗೆ, ಮೂರನೆಯದು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ಲೈನಿಗೆ. ಆ ಲೈನ್ ಹುಡುಕಲು ಫ್ಯೂಸ್ ಬಾಕ್ಸ್ ಬಿಚ್ಚಿ ಮೀಟರ್ ಇಟ್ಟು ನೋಡಬೇಕು. ಅವಸರದ ಕೆಲಸದಲ್ಲಿ ಮೂರನೆಯ ವೈರನ್ನೂ ಕೆಂಪಿಗೇ ಸುತ್ತಿಬಿಡುತ್ತಾರೆ. ಕೀ ಯಾವಾಗಲೂ ಆನ್ ಇದೆ ಎಂದುಕೊಂಡು ಪೆಟ್ಟಿಗೆ ಆರುವುದೇ ಇಲ್ಲ, ನಾಲ್ಕಾರು ದಿನ ಹಾಲ್ಟ್ ಆದರೆ ಬ್ಯಾಟರಿಯೂ ಇಳಿಯುತ್ತದೆ. 24 ವೋಲ್ಟ್ ಲಾರಿಯಲ್ಲಿ ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಎಳೆಯುವವರೂ ಇದ್ದಾರೆ. ಒಂದೇ ಬ್ಯಾಟರಿ ಮೇಲೆ ಹೊರೆ ಬಿದ್ದು ಅದು ಬೇಗ ಸಾಯುತ್ತದೆ. ವೈರಿಂಗ್ ಸರಿಯಿದ್ದರೂ ಕೀ ತೆಗೆದ ಮೇಲೆ ಎಷ್ಟು ನಿಮಿಷ ಓಡಬೇಕು ಎಂಬ ಸೆಟ್ಟಿಂಗ್ ಇರುತ್ತದೆ. ಅದನ್ನು ಕನಿಷ್ಠಕ್ಕೆ ಇಳಿಸಬೇಕು.

ಡ್ರೈವರ್ ತಾನೇ ಪರೀಕ್ಷಿಸಿಕೊಳ್ಳಬಹುದು. ಮೊದಲು ಟಿವಿ ರಿಮೋಟ್ ಒತ್ತಿ ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬೆಳಕು ಮಿನುಗಿದರೆ ಆ ಮೊಬೈಲಿಗೆ ಇನ್‌ಫ್ರಾರೆಡ್ ಕಾಣುತ್ತದೆ. ಆಮೇಲೆ ಕೀ ತೆಗೆದು, ಅರ್ಧ ಗಂಟೆ ಬಿಟ್ಟು, ಕತ್ತಲಲ್ಲಿ ಕ್ಯಾಬಿನ್ ಕ್ಯಾಮೆರಾವನ್ನು ಅದೇ ಮೊಬೈಲಿನಲ್ಲಿ ನೋಡಿ. ಬಿಳಿಯೋ ನೇರಳೆಯೋ ಹೊಳಪು ಕಂಡರೆ ಪೆಟ್ಟಿಗೆ ಇನ್ನೂ ಎಚ್ಚರವಾಗಿದೆ.

ಇನ್ನು ಸುಳ್ಳು ಅಲಾರಂ. ಕ್ಯಾಮೆರಾವನ್ನು ಗಾಜಿನ ಮೇಲಂಚಿಗೆ ಹಾಕಿದರೆ ಮೇಲಿನಿಂದ ನೋಡುವ ಅದಕ್ಕೆ ತೆರೆದ ಕಣ್ಣೂ ಅರೆಮುಚ್ಚಿದಂತೆ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ಸ್ಟಿಯರಿಂಗ್ ಅಡ್ಡ ಬರದಂತೆ ಕೂರಿಸಬೇಕು. ಬರೀ ಗಮ್ ಟೇಪು ಬಿಸಿಲಿಗೆ ಸಡಿಲವಾಗಿ ಕೋನ ತಪ್ಪುತ್ತದೆ, ಸ್ಕ್ರೂ ಬೇಕು. ಡ್ರೈವರ್ ಬದಲಾದಾಗ, ಸೀಟು ಏರಿಳಿಸಿದಾಗ ಮತ್ತೆ ಹೊಂದಿಸಬೇಕು. ಇಷ್ಟೆಲ್ಲ ಮಾಡಿದರೂ ಸಂಜೆ ಬೆಂಗಳೂರಿನಿಂದ ಬರುವಾಗ ಮದ್ದೂರು ದಾಟಿದ ಮೇಲೆ ಇಳಿಬಿಸಿಲು ಮುಖಕ್ಕೆ ರಾಚುತ್ತದೆ. ಡ್ರೈವರ್ ಕಣ್ಣು ಕಿರಿದು ಮಾಡುತ್ತಾನೆ, ಪೆಟ್ಟಿಗೆ ‘ತೂಕಡಿಕೆ’ ಎಂದು ಬರೆದುಕೊಳ್ಳುತ್ತದೆ. ಕೆಲವು ಕೂಲಿಂಗ್ ಗ್ಲಾಸ್ ಹಾಕಿದರೆ ಅದಕ್ಕೆ ಕಣ್ಣೇ ಸಿಗುವುದಿಲ್ಲ. ಕಿವಿ ಕೆರೆದುಕೊಂಡರೆ ಫೋನ್ ಹಿಡಿದಿದ್ದಾನೆ ಎನ್ನುತ್ತದೆ. ಹೀಗೆ ದಿನವಿಡೀ ಸುಮ್ಮಸುಮ್ಮನೆ ಕೂಗಿದರೆ ಡ್ರೈವರ್ ಸ್ಪೀಕರಿಗೆ ಬಟ್ಟೆ ತುರುಕುತ್ತಾನೆ, ನಿಜವಾಗಿ ಕಣ್ಣು ಎಳೆದಾಗ ಎಬ್ಬಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಓನರ್‌ಗಳು ಅಲಾರಂ ಎಣಿಸಿ ಡ್ರೈವರ್ ಬಾಟಾ (ದಿನಭತ್ಯೆ) ಹಿಡಿಯುವುದು ಅನ್ಯಾಯ, ಅಪಾಯವೂ ಹೌದು. ಮೊದಲು ಕ್ಲಿಪ್ ನೋಡಿ, ಡ್ರೈವರನನ್ನು ಕೂರಿಸಿಕೊಂಡು ಕೇಳಿ.

ಅದೇ ಪೆಟ್ಟಿಗೆಯಲ್ಲಿ ಕೀ ಆನ್ ಆದ ವೇಳೆ, ಆಫ್ ಆದ ವೇಳೆಯೂ ದಾಖಲಾಗಿರುತ್ತದೆ. ಬೆಳಗಿನ ಜಾವ 4ಕ್ಕೆ ಆಕಳಿಸಿದ ಕ್ಲಿಪ್ಪನ್ನು ತೋರಿಸುವವರು, ಆ ಡ್ರೈವರ್ ಹಿಂದಿನ ದಿನ ಎಷ್ಟು ಹೊತ್ತಿಗೆ ಸ್ಟಿಯರಿಂಗ್ ಹಿಡಿದ ಎಂಬುದನ್ನೂ ತೋರಿಸಬೇಕು. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂಬ ಲೆಕ್ಕವನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ನೂ ಅದನ್ನೇ ಹಿಡಿಯಿತು. ನಿದ್ದೆಗೆಟ್ಟವನ ಮುಖ ಸಾಕ್ಷಿಯಾಗುವುದಾದರೆ, ನಿದ್ದೆ ಕೆಡಿಸಿದ ಟ್ರಿಪ್ ಶೀಟೂ ಸಾಕ್ಷಿಯಾಗಲಿ.

ಎಫ್‌ಸಿಗೆ (ವಾಹನ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) ಬಂದ ಲಾರಿಯಲ್ಲಿ ಇಂಥ ಕ್ಯಾಮೆರಾ ಇದ್ದರೆ, ಕೀ ತೆಗೆದಾಗ ಅದು ಆರುತ್ತದೆಯೇ ಎಂದು ನೋಡುವಂತೆ ಸಾರಿಗೆ ಇಲಾಖೆ ಇನ್‌ಸ್ಪೆಕ್ಟರುಗಳಿಗೆ ಸೂಚಿಸಬೇಕು. ಓನರ್‌ಗಳು ಯಾವ ಕ್ಲಿಪ್ ಎಷ್ಟು ದಿನ ಇಡುತ್ತೇವೆ, ಯಾರು ನೋಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ಡ್ರೈವರ್ ಕೈಗೆ ಕೊಡಬೇಕು.

– ಲಾರಿ ವೈರಿಂಗ್ ಕೆಲಸಗಾರರು, ಮೈಸೂರು