ನಾಲ್ಕು ವರ್ಷದ ಮೇಲೆ ಜಾತ್ರೆಗೆ ಹೋದೆ, ಇವರಿಗೆಲ್ಲ ಶರಣು

ಈ ಸಲ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವವರೆಗೂ ನಿಂತಿದ್ದೆ. ಶೌಚಾಲಯ ಎಲ್ಲಿದೆ ಅಂತ ಒಮ್ಮೆಯೂ ಹುಡುಕಲಿಲ್ಲ. ಇದೇ ಊರಲ್ಲಿದ್ದೂ ನಾಲ್ಕು ವರ್ಷ ಅತ್ತ ಸುಳಿದಿರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಉಚ್ಚೆ ಸೋರುತ್ತಿತ್ತು. ಮೆಣಸಿನಕಾಯಿ ಹುರಿಯುವ ದಿನವಂತೂ ಕೇಳಬೇಡಿ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ, ಅದೂ ನಮ್ಮ ಬಿಸಿಲಲ್ಲಿ! ಉರಿಮೂತ್ರ ಬೇರೆ ಗಂಟುಬಿತ್ತು.

ಮೊದಲ ಶರಣು ನಮ್ಮ ಓಣಿಯ ಆಶಾ ಅಕ್ಕನಿಗೆ. ಬೇರೇನೋ ಕೆಲಸಕ್ಕೆ ಬಂದವರು "ಕೆಮ್ಮಿದ್ರ ಸೋರತೈತೇನವ್ವ?" ಅಂತ ಸೀದಾ ಕೇಳಿದರು. ಮೂರು ಹೆರಿಗೆ ಮಾಡಿಸಿದವರು ಯಾರೂ ಈ ಮಾತು ಕೇಳಿರಲಿಲ್ಲ.

ಆಮೇಲೆ ಡಾಕ್ಟರ್ ಮೇಡಂ. ನನ್ನ ಹೆರಿಗೆಗಳ ಕತೆಯನ್ನೆಲ್ಲ ಬರೆದುಕೊಂಡರು. ಮೂರೂ ನಾರ್ಮಲ್, ಮೊದಲನೆಯದು ಫೋರ್ಸೆಪ್ಸ್ ಹಾಕಿ ಎಳೆದದ್ದು, ಕೊನೆಯವನು 4 ಕೆ.ಜಿ. ಮೂತ್ರಚೀಲವನ್ನು ಕೆಳಗಿನಿಂದ ಜೋಲಿಯಂತೆ ಹಿಡಿದಿರುವ ಸ್ನಾಯು ಹೀಗೆ ಸಡಿಲವಾಗುತ್ತದಂತೆ. "ಸಿಸೇರಿಯನ್ ಆಗಿದ್ರೆ ಪಾರಾಗ್ತಿದ್ದೆನಾ?" ಅಂದೆ. ನಾರ್ವೆಯಲ್ಲಿ 15,000ಕ್ಕೂ ಜಾಸ್ತಿ ಹೆಂಗಸರನ್ನು ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕ ಹೇಳಿದರು. ಸೋರುವ ತೊಂದರೆ ಹಡೆಯದವರಲ್ಲಿ 100ಕ್ಕೆ ಸುಮಾರು 10, ಸಿಸೇರಿಯನ್ ಆದವರಲ್ಲಿ 16, ನಾರ್ಮಲ್ ಆದವರಲ್ಲಿ 21. ಹಡೆಯದವರಿಗೂ ಬರುತ್ತದೆ ಅನ್ನುವುದೇ ನನಗೆ ಹೊಸದು.

ಫಿಸಿಯೋಥೆರಪಿ ತಂಗಿಗೆ ಸ್ವಲ್ಪ ಜಾಸ್ತಿನೇ ಶರಣು. ಹೂಸು ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಹಾಗೆ ಆ ಸಡಿಲ ಸ್ನಾಯುವನ್ನು ಒಳಗೆಳೆದು ಹಿಡಿಯಬೇಕು, ಬಿಡಬೇಕು. ಉಸಿರು ಕಟ್ಟಬಾರದು. ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆ ಅಂದರೂ ಮೂರು ತಿಂಗಳು. ಮೊದಲ ತಿಂಗಳು ಏನೂ ಆಗಲಿಲ್ಲ. ಆ ಹುಡುಗಿಯನ್ನು ಮನಸ್ಸಲ್ಲೇ ಬೈದೆ, ಕ್ಷಮಿಸಮ್ಮ. ಸೀನು ಬರುವ ಮುಂಚೆಯೇ ಬಿಗಿ ಹಿಡಿಯುವುದನ್ನೂ ಅವಳೇ ಕಲಿಸಿದಳು. ಪೂರ್ತಿ ಹೋಗಿದೆ ಅನ್ನಲ್ಲ. ನೆಗಡಿ ಜೋರಾದರೆ ಈಗಲೂ ಒಂದೆರಡು ಹನಿ.

ಇನ್ನು ನಮ್ಮ ಅತ್ತೆ. ಅವರಿಗೆ ಹೇಳಲು ಹೆದರಿದ್ದೆ. ಕೇಳಿಸಿಕೊಂಡು ಬಾಗಿಲು ಮುಂದೆ ಮಾಡಿ, "ನನಗೂ ಐತಿ, ನಿನ್ನ ಗಂಡ ಹುಟ್ಟಿದಾಗಿಂದ" ಅಂದರು. ಈಗ ದಿನಾ ಸಂಜೆ ಇಬ್ಬರೂ ಕಟ್ಟೆ ಮೇಲೆ ಕೂತು ಬೆರಳು ಎಣಿಸುತ್ತೇವೆ. ಎದುರು ಮನೆಯವರು ಜಪ ಅಂದುಕೊಂಡಿದ್ದಾರೆ.