ಸ್ವೀಡನ್ನಿನವರಿಗೆ ಒಬ್ಬ ಪಂಪ್ ಮೆಕ್ಯಾನಿಕ್‌ನ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ.

ಕೈಪಂಪು ರಿಪೇರಿ ಮಾಡುತ್ತಲೇ ನೌಕರಿ ಮುಗಿಸಿದವನು ನಾನು. ಹೋದ ತಿಂಗಳು ನಿವೃತ್ತಿ ಆಯಿತು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಜೊತೆಗೆ ದುಡಿದವರ ಹೆಸರು ಹೇಳಿ ಕೈ ಮುಗಿದೆ. ಸಾಹೇಬರ ಭಾಷಣ ಸ್ವಲ್ಪ ಉದ್ದ ಆಯಿತು, ನನಗೆ ಸಿಕ್ಕಿದ್ದು ಊಟದ ಹೊತ್ತಿಗೆ ಮುಂಚಿನ ನಾಲ್ಕು ಮಾತು. ಹಾಗಾಗಿ ಒಂದು ಥ್ಯಾಂಕ್ಸ್ ಬಾಕಿ ಉಳಿದಿದೆ. ಅದು ಸ್ವೀಡನ್ ದೇಶದ ಜನರಿಗೆ, ಮತ್ತು ಅವರ ದುಡ್ಡನ್ನು ಹಳ್ಳಿಯ ಬೋರಿನ ತನಕ ತಂದು ಮುಟ್ಟಿಸಿದ, ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ಗೆ.

ರಾಯಚೂರು ಕಡೆಯ ಮೆಕ್ಯಾನಿಕ್‌ಗೂ ಸ್ವೀಡನ್‌ಗೂ ಏನ್ರೀ ಸಂಬಂಧ ಅಂತ ಮನೆಯಲ್ಲೇ ಕೇಳಿದರು. ಇದೆ, ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ, ಅಂದರೆ ರಾಯಚೂರು, ಗುಲ್ಬರ್ಗ, ಬಿಜಾಪುರ, ಬಳ್ಳಾರಿ ಕಡೆ, ವಯಸ್ಸಾದವರನ್ನು ನಾರು ಹುಣ್ಣಿನ ಬಗ್ಗೆ ಕೇಳಿ ನೋಡಿ. ಮೆಟ್ಟಿಲು ಇಳಿದು ನೀರು ತುಂಬುವ ಬಾವಿ, ಕೆರೆ, ಹೊಂಡ, ಇವೇ ಆಗ ಕುಡಿಯುವ ನೀರು. ಆ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳ ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರು ಹುಳದ ಮರಿ. ನೀರು ಕುಡಿದವರಿಗೆ ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಲ್ಲಿ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಬಿಳಿ ದಾರದಂಥ ಹುಳ ಹೊರಗೆ ತಲೆ ಹಾಕುತ್ತದೆ. ಒಂದೊಂದು ಹುಳ ಮೂರಡಿ ಉದ್ದ ಇರುವುದೂ ಉಂಟು. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲು ಬಾತು ಕೀವು ತುಂಬುತ್ತದೆ. ಅದಕ್ಕೇ ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಹೊರಗೆ ತೆಗೆಯಬೇಕು. ನಮ್ಮ ದೊಡ್ಡಪ್ಪ ಬಿತ್ತನೆ ಕಾಲದಲ್ಲಿ ವಾರಗಟ್ಟಲೆ ಹಾಗೆ ಕಟ್ಟೆ ಮೇಲೆ ಕೂತಿದ್ದು ನೋಡಿದ್ದೇನೆ. ಉರಿ ತಡೆಯಲಾರದೆ ಕಾಲನ್ನು ನೀರಿಗೆ ಇಡುತ್ತಾರಲ್ಲ, ಆಗ ಹುಳ ಸಾವಿರಾರು ಮರಿಗಳನ್ನು ಅದೇ ನೀರಿಗೆ ಬಿಡುತ್ತದೆ. ಮುಂದಿನ ವರ್ಷ ಇನ್ನೊಬ್ಬರ ಸರದಿ.

ಇದಕ್ಕೆ ಗುಳಿಗೆ ಇಲ್ಲ, ಲಸಿಕೆಯೂ ಇಲ್ಲ. ಕಾಲು ಇಳಿಸಲು ಆಗದಂಥ ನೀರು ಸಿಗಬೇಕು, ಇಲ್ಲ ಸೋಸಿದ ನೀರು ಕುಡಿಯಬೇಕು. ಅಷ್ಟೇ.

ಕೈಪಂಪು ಬಂದದ್ದು ಇಲ್ಲಿ. ಆದರೆ ಮೊದಮೊದಲು ಬಂದ ಪಂಪುಗಳು ಯಾವುದಕ್ಕೂ ಬಾರದವು. 1967ರ ಬರಗಾಲದಲ್ಲಿ ಬಿಹಾರಕ್ಕೆ ಅಂತ ಯುನಿಸೆಫ್ ಬಂಡೆ ಕೊರೆಯುವ ರಿಗ್ಗುಗಳನ್ನು ವಿಮಾನದಲ್ಲಿ ತರಿಸಿತು. ಬೋರು ಕೊರೆಯುವುದು ದೇಶದ ತುಂಬ ಶುರುವಾಯಿತು. ಮೇಲೆ ಕೂರಿಸಿದ್ದು ಮಾತ್ರ ಎರಕದ ಕಬ್ಬಿಣದ ಪಂಪು. ಅದು ಪರದೇಶದಲ್ಲಿ ಒಂದು ಮನೆಯವರು ದಿನಕ್ಕೆ ನಾಲ್ಕು ಕೊಡ ಹೊಡೆಯಲಿ ಅಂತ ಮಾಡಿದ ನಮೂನೆ. ನಮ್ಮಲ್ಲಿ ಅದೇ ಪಂಪಿಗೆ ಇಡೀ ಊರು ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಿತ್ತು. ತಾಳುತ್ತದೆಯೇ? 70ರ ದಶಕದ ನಡುವೆ ಸಮೀಕ್ಷೆ ಮಾಡಿಸಿದಾಗ ನಾಲ್ಕರಲ್ಲಿ ಮೂರು ಪಂಪು ಕೆಟ್ಟು ನಿಂತಿದ್ದವು.

ಆಗ ಯುನಿಸೆಫ್‌ನವರು ಬೋರು ಕೊರೆಸುತ್ತಲೇ ಹೋಗಬಹುದಿತ್ತು. ಲೆಕ್ಕ ಚೆನ್ನಾಗಿ ಕಾಣುತ್ತಿತ್ತು, ಫೋಟೋನೂ ಬರುತ್ತಿತ್ತು. ಅವರು ಹಾಗೆ ಮಾಡದೆ ಪಂಪನ್ನೇ ಸರಿ ಮಾಡಲು ಕೂತರು. ಮಹಾರಾಷ್ಟ್ರದಲ್ಲಿ ಮಿಷನ್ ಸಂಸ್ಥೆಗಳ ವರ್ಕ್‌ಶಾಪಿನವರು ಆಗಲೇ ಒಂದು ಗಟ್ಟಿ ಪಂಪು ಮಾಡಿಕೊಂಡಿದ್ದರು, ಸೊಲ್ಲಾಪುರ ಪಂಪು ಅಂತ. ಹ್ಯಾಂಡಲ್ ತುದಿಗೆ ಚೈನು, ಚೈನಿಗೆ ರಾಡು, ಅಷ್ಟು ಸರಳ. ನಮ್ಮ ಸೊಲ್ಲಾಪುರ ನೋಡಿ, ಬಿಜಾಪುರದಿಂದ ಬಸ್ಸು ಹತ್ತಿದರೆ ಬರುವ ಊರು! ಅದನ್ನೇ ತಿದ್ದಿ, ಕೊಯಮತ್ತೂರಿನ ಸುತ್ತ ಆಳದ ಬೋರುಗಳಿಗೆ ಇಳಿಸಿ ಪರೀಕ್ಷೆ ಮಾಡಿದರು. ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಎಂಬ ಸರ್ಕಾರಿ ಕಂಪನಿ ಮದ್ರಾಸಿನಲ್ಲಿ ತಯಾರಿಸಿತು. ಅದೇ ಇಂಡಿಯಾ ಮಾರ್ಕ್ ಟೂ. ನಿಮ್ಮೂರಿನ ಶಾಲೆ ಮುಂದೆ, ಗುಡಿ ಮುಂದೆ ಇರುವುದು ಬಹುತೇಕ ಅದೇ. ಅದಕ್ಕೆ ಪೇಟೆಂಟ್ ಇಲ್ಲ. ಯಾರು ಬೇಕಾದರೂ ಮಾಡಬಹುದು, ಐಎಸ್ 9301 ಎಂಬ ಮಾನಕಕ್ಕೆ ಸರಿಹೊಂದಬೇಕು ಅಷ್ಟೇ. ಆಫ್ರಿಕಾದ ಎಷ್ಟೋ ದೇಶಗಳಿಗೂ ಹೋಯಿತು.

ಸ್ವೀಡನ್ ಎಲ್ಲಿ ಬಂತು ಅಂದರೆ, ಯುನಿಸೆಫ್ ಸ್ವಂತವಾಗಿ ದುಡ್ಡು ಸಂಪಾದಿಸುವ ಸಂಸ್ಥೆ ಅಲ್ಲ. ದೇಶಗಳು, ಜನರು ಕೊಟ್ಟರೆ ಉಂಟು. ಭಾರತದ ನೀರಿನ ಕೆಲಸಕ್ಕೆ ಆ ಕಾಲದಲ್ಲಿ ಮುಂದೆ ಬಂದು ಕೈ ಹಿಡಿದವರಲ್ಲಿ ಸ್ವೀಡನ್ ಸರ್ಕಾರದ ನೆರವು ಸಂಸ್ಥೆ ಸಿಡಾ ಮುಖ್ಯ. ನಮಗಿಂತ ಎಷ್ಟೋ ಕಡಿಮೆ ಜನ ಇರುವ ದೇಶ. 1968ರಲ್ಲೇ ಅವರ ಸಂಸತ್ತು ದೇಶದ ಆದಾಯದಲ್ಲಿ ನೂರಕ್ಕೆ ಒಂದು ಪಾಲು ಬಡ ದೇಶಗಳಿಗೆ ಹೋಗಬೇಕು ಅಂತ ಗುರಿ ಹಾಕಿಕೊಂಡಿತು. ವಿಶ್ವಸಂಸ್ಥೆ ನೂರಕ್ಕೆ 0.7 ಪಾಲು ಅಂತ ಹೇಳಿದ್ದೇ ಅದಾದ ಮೇಲೆ, 1970ರಲ್ಲಿ. ಸ್ವೀಡನ್ ಹೇಳಿ ಬಿಡಲಿಲ್ಲ, ಕೊಟ್ಟಿತು. ಆ ಒಂದು ಪಾಲಿನ ಲೆಕ್ಕವನ್ನು 2022ರಲ್ಲಿ ಬಂದ ಹೊಸ ಸರ್ಕಾರ ಕೈಬಿಟ್ಟಿದೆ. ಅದು ಅವರ ಮನೆಯ ವಿಚಾರ, ನಾನು ಮಾತಾಡುವುದು ಸರಿಯಲ್ಲ. ಆದರೂ ಓದಿದಾಗ ಬೇಜಾರಾಯಿತು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಇಂಜಿನಿಯರುಗಳು ಜಗಳಕ್ಕೆ ಬರುತ್ತಾರೆ. ಬೋರು ಕೊರೆಸಿದ ದುಡ್ಡು ಬಹುಪಾಲು ನಮ್ಮದೇ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳದ್ದು. ಹೊರಗಿನಿಂದ ಬಂದದ್ದು ಸಣ್ಣ ಪಾಲು. ಆದರೆ ಆ ಸಣ್ಣ ಪಾಲು ಖರ್ಚಾದ ರೀತಿ ನೋಡಿ. ಪಂಪು ಕಾರ್ಖಾನೆ ಬಿಡುವ ಮುಂಚೆ ಹೊರಗಿನ ತಪಾಸಣೆದಾರರಿಂದ ಪರೀಕ್ಷೆ. ಮೆಕ್ಯಾನಿಕ್‌ಗಳಿಗೆ ತರಬೇತಿ, ಚಿತ್ರ ಹಾಕಿದ ಕೈಪಿಡಿ, ಸರಿಯಾದ ಟೂಲ್ ಕಿಟ್. ನಮ್ಮ ಸರ್ಕಾರಿ ಬಜೆಟ್ಟಿನಲ್ಲಿ ಇವಕ್ಕೆಲ್ಲ ಯಾವತ್ತೂ ಕೊನೆಯ ಸಾಲು. ಉದ್ಘಾಟನೆಗೆ ಟೇಪು ಕತ್ತರಿಸಲು ಮಂದಿ ಸಿಗುತ್ತಾರೆ, ವಾಷರ್ ಕೊಳ್ಳಲು ದುಡ್ಡು ಕೇಳಿ ನೋಡಿ!

ವಾಷರ್ ಅಂದೆ. ಅದರ ಕಷ್ಟ ಸ್ವಲ್ಪ ಹೇಳಲೇಬೇಕು. ಮಾರ್ಕ್ ಟೂ ಪಂಪಿನಲ್ಲಿ ನೀರು ಎತ್ತುವ ಸಿಲಿಂಡರ್ ಬೋರಿನ ಒಳಗೆ, ತೀರಾ ಕೆಳಗೆ. ಅದರಲ್ಲಿ ಚರ್ಮದ ವಾಷರ್. ಅದು ಸವೆದರೆ ಅಂಗೈಯಗಲದ ವಸ್ತುವಿಗೋಸ್ಕರ ಪೂರ್ತಿ ಪೈಪು ಮೇಲೆ ಎತ್ತಬೇಕು. ಒಂದೊಂದು ಜಿಐ ಪೈಪು ಮೂರು ಮೀಟರ್. ನಲವತ್ತು ಮೀಟರ್ ಆಳಕ್ಕೆ ಲೆಕ್ಕ ಹಾಕಿ. ಕ್ಲ್ಯಾಂಪ್ ಹಾಕು, ಎತ್ತು, ಬಿಚ್ಚು, ಮತ್ತೆ ಕ್ಲ್ಯಾಂಪ್ ಹಾಕು. ಏಪ್ರಿಲ್ ಬಿಸಿಲಲ್ಲಿ, ಸುತ್ತ ಖಾಲಿ ಕೊಡ ಹಿಡಿದ ಹೆಣ್ಣುಮಕ್ಕಳು ನಿಂತು ಬೈಯುತ್ತಿರುವಾಗ. ಕ್ಲ್ಯಾಂಪ್ ಜಾರಿದರೆ ಪೈಪೆಲ್ಲ ಬೋರಿನ ಪಾಲು. ಮುಂದೆ ಚರ್ಮದ ಬದಲು ನೈಟ್ರೈಲ್ ರಬ್ಬರ್ ಬಂತು, ಅದು ಜಾಸ್ತಿ ದಿನ ಬಾಳಿತು. ಮಾರ್ಕ್ ತ್ರೀ ಬಂದಾಗ ಪೈಪು ಎತ್ತದೆ ಒಳಗಿನ ಪಿಸ್ಟನ್ ಮಾತ್ರ ಹೊರಗೆ ತೆಗೆಯಬಹುದಾಯಿತು. ಯಾವುದೋ ಆಫೀಸಿನಲ್ಲಿ ಕೂತವರು ನನ್ನ ಸೊಂಟದ ಬಗ್ಗೆ ಯೋಚನೆ ಮಾಡಿದ್ದಾರಲ್ಲಪ್ಪ ಅಂತ ಆವತ್ತು ಅನಿಸಿತ್ತು. ಈ ಬರಹಕ್ಕೆ ಅದೇ ದೊಡ್ಡ ಕಾರಣ ಅಂದರೂ ತಪ್ಪಿಲ್ಲ.

ಸ್ವೀಡನ್ ಮತ್ತು ಯುನಿಸೆಫ್ ಜೊತೆಗೂಡಿ ಮಾಡಿದ ಕೆಲಸ ಎದ್ದು ಕಾಣುವುದು ನಮ್ಮಲ್ಲಿ ಅಲ್ಲ, ರಾಜಸ್ಥಾನದಲ್ಲಿ. ಬಾಂಸವಾಡಾ, ಡುಂಗರ್‌ಪುರ ಅಂತ ಆದಿವಾಸಿಗಳು ಹೆಚ್ಚಿರುವ ಜಿಲ್ಲೆಗಳು. ಅಲ್ಲಿ ನಾರು ಹುಣ್ಣು ನಮ್ಮ ಕಡೆಗಿಂತ ಜೋರಿತ್ತು. 80ರ ದಶಕದಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ ಸ್ವಚ್ ಎಂಬ ಯೋಜನೆ ತಂದರು. ಕೈಪಂಪು ಹಾಕಿದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದರು. ಮನೆಮನೆಗೆ ಹೋಗಿ ಬಟ್ಟೆಯಲ್ಲಿ ನೀರು ಸೋಸುವುದು ಹೇಳಿಕೊಟ್ಟರು. ಅಲ್ಲಿನ ಹೆಣ್ಣುಮಕ್ಕಳಿಗೇ ಪಂಪು ಬಿಚ್ಚುವುದು, ಜೋಡಿಸುವುದು ಕಲಿಸಿದರು. ನಮ್ಮ ಇಲಾಖೆಯಲ್ಲಿ ಈ ಸುದ್ದಿ ಬಂದಾಗ ನಕ್ಕವರು ಇದ್ದರು. ನನಗೆ ನಗು ಬರಲಿಲ್ಲ. ಪಂಪು ಕೆಟ್ಟರೆ ದೂರ ನಡೆಯುವವಳು ಅವಳೇ, ಹಾಗಾದರೆ ಸ್ಪ್ಯಾನರ್ ಅವಳ ಕೈಯಲ್ಲಿ ಇರುವುದೇ ಸರಿ ಅಲ್ವಾ?

ದೇಶದ ಕೊನೆಯ ನಾರು ಹುಣ್ಣು 1996ರ ಜುಲೈನಲ್ಲಿ ಜೋಧಪುರದ ಕಡೆ ಕಂಡಿತು. 2000ದ ಫೆಬ್ರವರಿಯಲ್ಲಿ ಭಾರತ ಈ ರೋಗದಿಂದ ಮುಕ್ತ ಅಂತ ಘೋಷಣೆ ಆಯಿತು. ಅದರ ನಡುವೆ ಒಂದು ಕಹಿ ಘಟನೆ. 1998ರ ಪೋಖ್ರಾನ್ ಅಣು ಪರೀಕ್ಷೆ ಆದಮೇಲೆ ಸ್ವೀಡನ್ ಭಾರತದ ಜೊತೆಗಿನ ನೆರವಿನ ಒಪ್ಪಂದ ಮುರಿಯಿತು. ನಮಗೂ ಸಿಟ್ಟು ಬಂದಿತ್ತು, ಅವರಿಗೂ ಬಂದಿತ್ತು. ನಾನು ಯಾರ ಪರ ಅಂತ ಇಲ್ಲಿ ಹೇಳಲ್ಲ, ಕಾಮೆಂಟಿನಲ್ಲಿ ಕುಸ್ತಿ ಬೇಡ. ಹುಳ ಮಾತ್ರ ಅಷ್ಟರಲ್ಲಿ ಹೋಗಿಯಾಗಿತ್ತು.

ಕೈಪಂಪಿನಿಂದ ಎಲ್ಲ ಒಳ್ಳೆಯದೇ ಆಯಿತು ಅಂತಲೂ ಹೇಳಲಾರೆ. ನಮ್ಮ ಜಿಲ್ಲೆಗಳ ಎಷ್ಟೋ ಬೋರಿನಲ್ಲಿ ಫ್ಲೋರೈಡ್ ಇದೆ. ಹುಳ ತಪ್ಪಿಸಿಕೊಂಡವರು ಕೆಲವು ಕಡೆ ಹಲ್ಲು, ಮೂಳೆ ಕೆಡಿಸಿಕೊಂಡರು. ಅಂಥ ಪಂಪುಗಳಿಗೆ ಕುಡಿಯಬೇಡಿ ಅಂತ ಕೆಂಪು ಬಣ್ಣ ಬಳಿದವರಲ್ಲಿ ನಾನೂ ಒಬ್ಬ. ಈಗ ಜಲ ಜೀವನ್ ಮಿಷನ್ ಯೋಜನೆಯಿಂದ ಮನೆಗೆ ನಲ್ಲಿ ಬಂದಿದೆ. ನಲ್ಲಿಯಲ್ಲಿ ನೀರು ಬಾರದ ದಿನ ಜನ ಎಲ್ಲಿಗೆ ಹೋಗುತ್ತಾರೆ ಅಂತ ನನ್ನನ್ನು ಕೇಳಬೇಡಿ, ಗೊತ್ತಿದೆ ನಿಮಗೆ.

ಹಾಗಾಗಿ ಥ್ಯಾಂಕ್ಸ್. 70, 80ರ ದಶಕದಲ್ಲಿ ತೆರಿಗೆ ಕಟ್ಟಿದ ಸ್ವೀಡನ್ನಿನ ಬಸ್ ಡ್ರೈವರ್, ಟೀಚರ್, ನರ್ಸ್, ಎಲ್ಲರಿಗೂ. ಅವರು ತಮ್ಮ ದೇಶದ ಪಂಪು ತಂದು ನಮಗೆ ಮಾರಲಿಲ್ಲ. ಯುನಿಸೆಫ್‌ನ ನೀರಿನ ವಿಭಾಗದಲ್ಲಿ ದುಡಿದವರಿಗೆ. ಸೊಲ್ಲಾಪುರದ ಹಳೆಯ ವರ್ಕ್‌ಶಾಪಿನವರಿಗೆ, ಬಾಂಸವಾಡಾದ ಅಕ್ಕಂದಿರಿಗೆ. ಬಿಸಿಲಲ್ಲಿ ಪೈಪು ಹಿಡಿದ ನಮ್ಮ ತಾಲ್ಲೂಕಿನ ಹೆಲ್ಪರ್‌ಗಳಿಗೆ. ಬೈದರೂ ಆಮೇಲೆ ಮಜ್ಜಿಗೆ ಕೊಟ್ಟ ತಾಯಂದಿರಿಗೆ.

ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಕಡೆ ನೌಕರಿಯಲ್ಲಿರುವ ಕನ್ನಡದ ಮಕ್ಕಳು ಯಾರಾದರೂ ಇದನ್ನು ಓದಿದರೆ ಒಂದು ಉಪಕಾರ ಮಾಡಿ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ, ನಿಮಗೆ ಬರುವಷ್ಟು ಅವರ ಭಾಷೆಯಲ್ಲಿ ಇದನ್ನು ಹೇಳಿ. ಪಂಪು ಇನ್ನೂ ನಡೆಯುತ್ತಿದೆಯಾ ಅಂತ ಅವರು ಕೇಳಬಹುದು. ನಮ್ಮ ಓಣಿಯದು ನಡೆಯುತ್ತಿದೆ ಅಂತ ಹೇಳಿ, ವಾಷರ್ ಹೋದ ವಾರವೇ ಹಾಕಿದ್ದೇನೆ.