ಎದೆಯ ಗಂಟಿನ ಮಾತು ಗೆಳತಿಯರಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 17 ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಕಳೆದ ವರ್ಷ ಬಿಸಿಯೂಟದ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಗೆಳತಿಯ ಪರವಾಗಿ ಪಿಸುಗುಟ್ಟಿದಳು: “ಟೀಚರ್, ಅಕಿ ಎದಿಯಾಗ ಗಂಟ ಆಗೇತ್ರಿ. ಕ್ಯಾನ್ಸರ್ ಅಂತ ರಾತ್ರಿಯೆಲ್ಲ ಅಳ್ತಾಳ್ರಿ. ಅವರವ್ವಗ ಹೇಳಬ್ಯಾಡ್ರಿ.” ಎರಡು ತಿಂಗಳು ಆ ಮಗು ಇದನ್ನು ಒಳಗೇ ಇಟ್ಟುಕೊಂಡಿತ್ತು. ತಾಯಿಗೆ ಹೇಳಿಲ್ಲ, ದಿನಾ ಎದುರಿಗೆ ನಿಲ್ಲುವ ನನಗೂ ಹೇಳಿಲ್ಲ. ಹೇಳಿದ್ದು ಗೆಳತಿಗೆ ಮಾತ್ರ.

ತಾಯಿಯನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನ್ ನೋಡಿದ ವೈದ್ಯೆ, ಇದು ಫೈಬ್ರೋಅಡಿನೋಮ, ಹರೆಯದ ಹುಡುಗಿಯರಲ್ಲಿ ಕಾಣುವ ನಿರಪಾಯದ ಗಂಟು ಎಂದರು. ಹದಿಹರೆಯದಲ್ಲಿ ಸ್ತನ ಕ್ಯಾನ್ಸರ್ ತೀರಾ ಅಪರೂಪ. ಈ ಒಂದು ಮಾತು ಗೊತ್ತಿದ್ದರೆ ಅವಳು ಅಷ್ಟು ರಾತ್ರಿ ಅಳಬೇಕಿರಲಿಲ್ಲ.

ನನ್ನ ಅಕ್ಕನದು ಬೇರೆ ಕಥೆ. 44ನೇ ವಯಸ್ಸಿನಲ್ಲಿ ಗಂಟು ಕೈಗೆ ಸಿಕ್ಕಿತ್ತು. “ನೋವಿಲ್ಲಲ್ಲ, ಏನಾಗ್ತೈತಿ” ಎಂದುಕೊಂಡು ಎಂಟು ತಿಂಗಳು ಸುಮ್ಮನಿದ್ದಳು. ತೊಟ್ಟು ಒಳಗೆ ಎಳೆದುಕೊಂಡ ಮೇಲೆ ನನಗೆ ತೋರಿಸಿದಳು. ಆ ಹೊತ್ತಿಗೆ ರೋಗ ಕಂಕುಳಿಗೂ ಎಲುಬಿಗೂ ಹಬ್ಬಿತ್ತು. ಶುರುವಿನಲ್ಲಿ ಈ ಗಂಟು ನೋಯುವುದೇ ಅಪರೂಪ ಎಂಬುದನ್ನು ವಿಜ್ಞಾನ ಕಲಿಸುವ ತಂಗಿಯಾದ ನಾನೇ ಅವಳಿಗೆ ಹೇಳಿರಲಿಲ್ಲ.

2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗೆ ಅವರದೇ ವಯಸ್ಸಿನ ಸಹಪಾಠಿ ಶಿಕ್ಷಕರು ಆರೋಗ್ಯದ ವಿಷಯ ತಿಳಿಸುವ ಏರ್ಪಾಡಿದೆ. ಅಸಾಂಕ್ರಾಮಿಕ ರೋಗಗಳೂ ಅದರ ವಿಷಯಪಟ್ಟಿಯಲ್ಲಿವೆ. ಆದರೆ ನಾನು ಕಂಡಂತೆ ಮಾತು ಮುಟ್ಟು, ರಕ್ತಹೀನತೆ, ಗುಟ್ಕಾದಲ್ಲೇ ಮುಗಿಯುತ್ತದೆ. ಎದೆಯ ಸುದ್ದಿ ಬರುವುದೇ ಇಲ್ಲ.

ಹಾಗಾಗಿ ಆರು ಹುಡುಗಿಯರನ್ನು ಕೂರಿಸಿಕೊಂಡು ನಾವೇ ಕೆಲಸಕ್ಕಿಳಿದೆವು. ಹಳೇ ದುಪ್ಪಟ್ಟಾದ ತುಂಡಿನಲ್ಲಿ ಅಂಗೈಯಗಲದ ಚೀಲ ಹೊಲಿದು, ಅರಳೆ ತುಂಬಿ, ಒಂದರೊಳಗೆ ಹುಣಸೆಬೀಜ, ಇನ್ನೊಂದರೊಳಗೆ ಕಡಲೆಕಾಳು ಬಚ್ಚಿಟ್ಟೆವು. ಬೆರಳ ತುದಿಯಿಂದ ಹಿಂಡಿದರೆ ಅರಳೆಯೇ ಗಂಟಿನಂತೆ ಸಿಗುತ್ತದೆ. ಮೂರು ಬೆರಳನ್ನು ಮಟ್ಟಸವಾಗಿ ಇಟ್ಟು ಮೆಲ್ಲಗೆ ಸುತ್ತಿಸಿದರೆ ಬೀಜ ತಾನಾಗಿ ಸಿಗುತ್ತದೆ. ಮೊದಲು ನಾಚಿ ಮುಖ ಮುಚ್ಚಿಕೊಂಡವರು ಆಮೇಲೆ “ನಂಗ ಸಿಕ್ತು” ಎಂದು ಚೀಲ ಕಸಿದುಕೊಳ್ಳತೊಡಗಿದರು. ನಾನು ಇಡೀ ತಾಸು ಪಾಠ ಮಾಡಿದ್ದರೆ ಅಷ್ಟು ಪ್ರಶ್ನೆ ಬರುತ್ತಿರಲಿಲ್ಲ. ಮುಟ್ಟಿನ ಮುಂಚೆ ಎದೆ ಬಿಗಿದು ನೋಯುವುದು ರೋಗವೇ? ಕಪ್ಪು ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತದೆಯೇ? ಇಂಥವನ್ನು ಶಿಕ್ಷಕಿಯ ಎದುರು ಯಾರು ಕೇಳುತ್ತಾರೆ?

ಈ ಚೀಲ ಮನೆಗೆ ಹೋಗಬೇಕೆಂಬುದೇ ನನ್ನ ಆಸೆ. ನಮ್ಮ ಮಕ್ಕಳ ಅವ್ವಂದಿರಿಗೆ 35ರ ಆಸುಪಾಸು, ಅಜ್ಜಿಯರಿಗೆ 55. ಸರ್ಕಾರದ ಉಚಿತ ಕ್ಯಾನ್ಸರ್ ತಪಾಸಣೆ 30 ದಾಟಿದವರಿಗೆ. ಮುಂಬೈನಲ್ಲಿ ಒಂದೂವರೆ ಲಕ್ಷ ಮಹಿಳೆಯರ ಮೇಲೆ 20 ವರ್ಷ ನಡೆದ ಅಧ್ಯಯನದಲ್ಲಿ, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಬೇಕಾಗಿರಲಿಲ್ಲ.

ಹುಡುಗರನ್ನೂ ಹೊರಗಿಡಬಾರದು. ಅಪಾಯ ತರುವ ಬಿಆರ್‌ಸಿಎ ವಂಶವಾಹಿ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ಸೋದರತ್ತೆಗೆ ಈ ರೋಗ ಇತ್ತೇ ಎಂದು ಕೇಳುವವರೇ ಇಲ್ಲ.

ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಸಹಪಾಠಿ ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಒಂದು ದಿನ ಮೀಸಲಿಡಲಿ. ಹುಡುಗಿಯರು ತಪ್ಪು ಹೇಳದಂತೆ ಉಪಕೇಂದ್ರದ ಆರೋಗ್ಯಾಧಿಕಾರಿ ಜೊತೆಗೆ ಕೂರಲಿ. ನಾವು ಹೊಲಿದ ಚೀಲಗಳ ಅಳತೆ, ಮಾದರಿಯನ್ನು ಕೇಳಿದ ಶಾಲೆಗೆ ಕೊಡಲು ನನ್ನ ಹುಡುಗಿಯರು ತಯಾರಿದ್ದಾರೆ.

– ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ